ಲಾರಿ ಬಾಡಿಗೆಯ ಲೆಕ್ಕವೂ ಒಂದು ಮೀಟರ್ ಎತ್ತರದ ಬೆಲೆಯೂ

ಪ್ರಶ್ನೆ: ಮಾದಾಪುರದ ಸಮೀಪವಿರುವ ನಮ್ಮ ಕಾಫಿ ತೋಟದಲ್ಲಿ 18 ಮೀಟರ್ ಉದ್ದ, 12 ಮೀಟರ್ ಅಗಲದ ಗೋದಾಮಿನ ಉಕ್ಕಿನ ಚೌಕಟ್ಟನ್ನು ಮೈಸೂರಿನ ಫ್ಯಾಬ್ರಿಕೇಟರ್ ಒಬ್ಬರಿಗೆ ಕೆ.ಜಿ.ಗೆ ₹110ರಂತೆ ವಹಿಸಿದ್ದೆವು. ತೂಕ ಸುಮಾರು 6,200 ಕೆ.ಜಿ.; ಸಾಗಾಣಿಕೆ ಪ್ರತ್ಯೇಕ, ವಾಸ್ತವ ವೆಚ್ಚದಂತೆ ಎಂದು ಕೊಟೇಶನ್‌ನಲ್ಲಿತ್ತು. ಕಂಬಗಳು ತೋಟಕ್ಕೆ ಬಂದಿಳಿದ ಮೇಲೆ, ಮೂಟೆಗಳನ್ನು ಇನ್ನೂ ಎತ್ತರಕ್ಕೆ ಒಟ್ಟಬಹುದೆಂದು ಎಂಟು ಕಂಬಗಳನ್ನೂ 4.5 ಮೀಟರ್‌ನಿಂದ 5.5 ಮೀಟರ್‌ಗೆ ಏರಿಸಲು ಹೇಳಿದೆವು, ಶಟರ್ ಬಾಗಿಲಿನ ಜಾಗವನ್ನೂ ಬದಲಿಸಿದೆವು. ಈಗ ಬಿಲ್ಲಿನಲ್ಲಿ ಹೆಚ್ಚುವರಿ ಕೆಲಸ 520 ಕೆ.ಜಿ., ದರ ₹165, ಒಟ್ಟು ₹85,800 ಎಂದಿದೆ. ಸಾಗಾಣಿಕೆಗೆ ₹16,000ದ ಎರಡು ಲಾರಿ, ₹14,000ದ ಮೂರನೆಯ ಲಾರಿ, ದೊಡ್ಡ ಲಾರಿ ತೋಟದ ರಸ್ತೆಯ ತಿರುವಿನಲ್ಲಿ ಹೋಗದೆ ಗೇಟಿನಲ್ಲಿ ಲೋಡನ್ನು ಸಣ್ಣ ವಾಹನಕ್ಕೆ ಬದಲಿಸಿದ್ದಕ್ಕೆ ₹9,000, ಎಲ್ಲದರ ಮೇಲೂ ಶೇ 18 ಜಿಎಸ್‌ಟಿ. ಒಂದೇ ಲಾರಿ ಹೊರುವ ತೂಕಕ್ಕೆ ಇಷ್ಟು ಲಾರಿ ಏಕೆ? ಹೆಚ್ಚುವರಿಗೆ ಬೇರೆ ದರ ನ್ಯಾಯವೇ?

ಉತ್ತರ: ಮೊದಲ ಎರಡು ಲಾರಿಗಳ ಬಗ್ಗೆ ನನಗೆ ಅನುಮಾನವಿಲ್ಲ. ಆರು ಚಕ್ರದ ಲಾರಿ 6,200 ಕೆ.ಜಿ.ಯನ್ನು ಸುಲಭವಾಗಿ ಹೊರುತ್ತದೆಯೆಂಬುದು ನಿಜ. ಆದರೆ ಕಾಫಿ ಹೊಟ್ಟು ತುಂಬಿದ ಲಾರಿಯನ್ನು ನೀವೇ ನೋಡಿದ್ದೀರಿ; ಭಾರ ಅರ್ಧವೂ ಆಗುವ ಮೊದಲೇ ಜಾಗ ಮುಗಿದಿರುತ್ತದೆ. ಬೆಸುಗೆ ಹಾಕಿ ಸಿದ್ಧವಾದ ಟ್ರಸ್ಸುಗಳದೂ (ಛಾವಣಿಯನ್ನು ಹೊರುವ ಚೌಕಟ್ಟುಗಳು) ಅದೇ ಕಥೆ. ನಿಮ್ಮ ಅಳತೆಗೆ ನಾಲ್ಕು ಟ್ರಸ್ಸುಗಳು ಬೇಕಾಗಿದ್ದು, ತಲಾ ಎರಡು ಅರ್ಧಗಳಾಗಿ ಬಂದಿದ್ದರೆ ಆರು ಮೀಟರ್ ಉದ್ದದ ಎಂಟು ಚೌಕಟ್ಟುಗಳಾಗುತ್ತವೆ. ಅವುಗಳನ್ನು ಬಾಗದಂತೆ ನಿಲ್ಲಿಸಿ ಕಟ್ಟಿದರೆ ಕಂಬ, ಪರ್ಲಿನ್ (ಛಾವಣಿಯ ಶೀಟು ಕೂರಿಸುವ ಅಡ್ಡಪಟ್ಟಿ), ಶೀಟುಗಳಿಗೆ ಇನ್ನೊಂದು ವಾಹನ ಬೇಕೇ ಬೇಕು. ಉಕ್ಕನ್ನು ಕೆ.ಜಿ. ಲೆಕ್ಕದಲ್ಲಿ ಕೊಂಡರೂ ಸಾಗಾಣಿಕೆಯನ್ನು ಟ್ರಿಪ್ಪಿನ ಲೆಕ್ಕದಲ್ಲಿಯೇ ಕೊಡಬೇಕಾಗುತ್ತದೆ. ರೈಲು ಮಾರ್ಗವಿಲ್ಲದ ನಮ್ಮ ಜಿಲ್ಲೆಗೆ ಪ್ರತಿ ತುಂಡು ಕಬ್ಬಿಣವೂ ರಸ್ತೆಯಲ್ಲೇ ಬರಬೇಕಾದ್ದರಿಂದ, ಕೊಡಗಿನಲ್ಲಿ ಕಟ್ಟುವವರು ಒಪ್ಪಂದದಲ್ಲಿ ದರಕ್ಕಿಂತ ಮೊದಲು ಟ್ರಿಪ್ಪುಗಳ ಸಂಖ್ಯೆಯನ್ನು ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಗೇಟಿನಲ್ಲಿ ಲೋಡ್ ಬದಲಿಸಿದ ₹9,000 ಯಾರ ತಲೆಗೆ ಬರಬೇಕೆಂಬುದು ಫ್ಯಾಬ್ರಿಕೇಟರ್ ಮೊದಲೇ ಬಂದು ತೋಟದ ರಸ್ತೆಯನ್ನು ನೋಡಿದ್ದರೇ ಎಂಬುದರ ಮೇಲೆ ನಿಂತಿದೆ. ನೋಡಿಯೂ ದೊಡ್ಡ ಲಾರಿ ಕಳುಹಿಸಿದ್ದರೆ ಅದು ಅವರ ತಪ್ಪೆಣಿಕೆ. ತಿರುವಿನ ವಿಷಯವನ್ನು ನೀವು ತಿಳಿಸಿರದಿದ್ದರೆ ನಿಮ್ಮದು.

ಜಿಎಸ್‌ಟಿಯ ವಿಷಯದಲ್ಲಿ ಬಿಲ್ಲು ಸರಿಯಾಗಿದೆ. ಮಾಲನ್ನು ನಿಮ್ಮ ಜಾಗಕ್ಕೆ ತಲುಪಿಸುವ ಹೊಣೆ ಮಾರುವವರದೇ ಆಗಿದ್ದರೆ, ಬಾಡಿಗೆಯನ್ನು ಬೇರೆ ಸಾಲಿನಲ್ಲಿ ಬರೆದರೂ ಅದು ಆ ಪೂರೈಕೆಯ ಭಾಗವೆಂದೇ ಎಣಿಕೆಯಾಗಿ ಉಕ್ಕಿನ ಶೇ 18 ತೆರಿಗೆಯೇ ಅದಕ್ಕೂ ಅನ್ವಯಿಸುತ್ತದೆ. ನೀವೇ ಲಾರಿ ಮಾಲೀಕರೊಡನೆ ಮಾತನಾಡಿ ವಾಹನ ಕಳುಹಿಸಿದ್ದರೆ ಈ ತೆರಿಗೆಯ ಭಾರ ತಪ್ಪುತ್ತಿತ್ತು. ಆದರೆ ದಾರಿಯಲ್ಲಿ ಆಗುವ ನಷ್ಟದ ಹೊಣೆಯೂ ನಿಮ್ಮದಾಗುತ್ತಿತ್ತು. ಸುಂಟಿಕೊಪ್ಪದಿಂದ ಮೇಲಕ್ಕೆ ಮಳೆಗಾಲದ ರಸ್ತೆಯನ್ನು ಬಲ್ಲವನಾಗಿ ಆ ಉಳಿತಾಯವನ್ನು ನಾನು ಸಲಹೆ ಮಾಡಲಾರೆ.

ನೀವು ಪ್ರಶ್ನಿಸಬೇಕಾದದ್ದು ಮೂರನೆಯ ಲಾರಿಯನ್ನು ಮತ್ತು ₹165ರ ದರವನ್ನು. ಕಂಬಗಳು 250 ಮಿ.ಮೀ. ಐ ಬೀಮ್ ಎಂದು ನೀವು ಕಳುಹಿಸಿದ ನಕ್ಷೆಯಲ್ಲಿದೆ; ಅದರ ತೂಕ ಮೀಟರಿಗೆ 37.3 ಕೆ.ಜಿ. ಎಂಟು ಕಂಬಗಳಿಗೆ ಒಂದೊಂದು ಮೀಟರ್ ಸೇರಿಸಿದರೆ 298 ಕೆ.ಜಿ. ಕಂಬಗಳನ್ನು ಆಗಲೇ ಕತ್ತರಿಸಿಯಾಗಿದ್ದರಿಂದ ಜೋಡಣೆಯ ಪ್ಲೇಟುಗಳು ಬೇಕಾಗಿವೆ. 10 ಮಿ.ಮೀ. ಪ್ಲೇಟು ಚದರ ಮೀಟರಿಗೆ 78.5 ಕೆ.ಜಿ. ತೂಗುತ್ತದೆ, ನಕ್ಷೆಯಲ್ಲಿರುವ ಅಳತೆಯಂತೆ ಕಂಬವೊಂದಕ್ಕೆ ಸುಮಾರು 15 ಕೆ.ಜಿ., ಎಂಟಕ್ಕೆ 119 ಕೆ.ಜಿ. ಆಗುತ್ತದೆ. ಒಟ್ಟು 417 ಕೆ.ಜಿ.ಯ ಆಸುಪಾಸು. ಉಳಿದ ನೂರು ಕೆ.ಜಿ. ಶಟರಿನ ಹೊಸ ಚೌಕಟ್ಟಿನದಿರಬಹುದು. ತುಂಡು ತುಂಡಾಗಿ ಉದ್ದ ಮತ್ತು ತೂಕದ ಪಟ್ಟಿಯನ್ನು ಕೇಳಿರಿ. ಹಾಗೆಯೇ, ಕೈಬಿಟ್ಟ ಹಳೆಯ ಶಟರಿನ ಚೌಕಟ್ಟಿಗೆ ಕಳೆಯುವ ಲೆಕ್ಕವೂ ಇರಬೇಕಿತ್ತು. ನಿಮ್ಮ ಬಿಲ್ಲಿನಲ್ಲಿ ಕೂಡಿಸಿದ್ದಷ್ಟೇ ಇದೆ, ಕಳೆದದ್ದು ಎಲ್ಲಿಯೂ ಇಲ್ಲ. ಅದನ್ನು ಆಗಲೇ ತಯಾರಿಸಿದ್ದರೆ ಪೂರ್ಣ ಬೆಲೆ ಹಿಂದಿರುಗದು, ಆದರೆ ಆ ಮಾಲಾದರೂ ನಿಮಗೆ ಸೇರಬೇಕು, ಇಲ್ಲವೇ ಗುಜರಿ ಬೆಲೆಯಾದರೂ ಕಳೆಯಬೇಕು.

ಇನ್ನು ದರ. ಇಂತಹ ಬೀಮುಗಳು ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತವೆ. ಒಂದರಿಂದ 4.5 ಮೀಟರಿನ ಎರಡು ಕಂಬ ತೆಗೆದರೆ ಮೂರು ಮೀಟರ್ ತುಂಡು ಉಳಿಯುತ್ತದೆ. ನಾಲ್ಕು ಬೀಮುಗಳಿಂದ ಅಂತಹ ನಾಲ್ಕು ತುಂಡುಗಳು. ನಿಮಗೆ ಬೇಕಾಗಿದ್ದ ಎಂಟು ಮೀಟರ್ ಬಹುಶಃ ಆ ತುಂಡುಗಳಿಂದಲೇ ಹುಟ್ಟಿದೆ, ಹೊಸ ಬೀಮು ಕೊಂಡಿರಲಾರರು. ಅದಕ್ಕೆ ಒಪ್ಪಿದ ₹110 ಕೊಡುವುದು ಸರಿ, ₹165 ಅಲ್ಲ. ಆದರೆ ಸ್ಥಳದಲ್ಲಿ ಬೆಸುಗೆ, ಜನರೇಟರಿನ ಡೀಸೆಲ್, ಅಟ್ಟಣಿಗೆ, ಕೆಲಸಗಾರರ ಹೆಚ್ಚುವರಿ ದಿನಗಳು ಇವೆಲ್ಲ ನಿಜವಾದ ಖರ್ಚುಗಳು, ಅವನ್ನು ಕೆ.ಜಿ. ದರದೊಳಗೆ ಮುಚ್ಚಿಡದೆ ಪ್ರತ್ಯೇಕವಾಗಿ ಬರೆಯಲಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಸಾಮಗ್ರಿ ಮತ್ತು ಕೂಲಿಯ ಮೇಲೆ ಗುತ್ತಿಗೆದಾರರ ಲಾಭ ಮತ್ತು ಮೇಲ್ವೆಚ್ಚಕ್ಕೆ ಶೇ 15 ಸೇರಿಸುತ್ತಾರೆ. ಖಾಸಗಿ ಕೆಲಸಕ್ಕೆ ಅದು ಕಟ್ಟುಪಾಡಲ್ಲವಾದರೂ ಚೌಕಾಸಿಗೆ ಒಳ್ಳೆಯ ಅಳತೆಗೋಲು. ಕತ್ತರಿಸುವ ಮೊದಲೇ ಹೇಳಿದ್ದರೆ ಅದೇ ನಾಲ್ಕು ಬೀಮುಗಳಿಂದ ಎಂಟು ಕಂಬಗಳೂ ಅಖಂಡವಾಗಿ ಬರುತ್ತಿದ್ದವು, 119 ಕೆ.ಜಿ. ಪ್ಲೇಟಾಗಲಿ ಮೂರನೆಯ ಲಾರಿಯಾಗಲಿ ಬೇಕಾಗುತ್ತಿರಲಿಲ್ಲ. ತಡವಾದ ನಿರ್ಧಾರದ ಬೆಲೆಯಲ್ಲಿ ಇಷ್ಟು ಪಾಲು ನಿಮ್ಮದೇ ಎಂದು ಹೇಳದಿದ್ದರೆ ಉತ್ತರ ಪ್ರಾಮಾಣಿಕವಾಗದು.

ಹೆಚ್ಚುವರಿ ಮಾಲಿನ ಆ ಮೂರನೆಯ ಲೋಡು ಒಂದು ಪಿಕಪ್ ಹೊರುವಷ್ಟು ಮಾತ್ರ. ₹50,000ಕ್ಕಿಂತ ಹೆಚ್ಚಿನ ಬೆಲೆಯ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಜಿಎಸ್‌ಟಿ ದಾಖಲೆ) ಬೇಕಾಗುತ್ತದೆ, ಅದರಲ್ಲಿ ವಾಹನದ ಸಂಖ್ಯೆಯಿರುತ್ತದೆ. ಮೂರೂ ಲೋಡುಗಳ ಪ್ರತಿಗಳನ್ನು ಕೇಳಿದರೆ ಬಂದದ್ದು ಲಾರಿಯೋ ಪಿಕಪ್ಪೋ ತಿಳಿಯುತ್ತದೆ.

ಬಿಲ್ಲಿನಲ್ಲಿ ಇರಬೇಕಾಗಿದ್ದು ಇಲ್ಲದ ಸಾಲೊಂದಿದೆ: ಎಂಜಿನಿಯರರ ಮರುಪರಿಶೀಲನೆ. ಕಂಬದ ಎತ್ತರ 4.5ರಿಂದ 5.5ಕ್ಕೆ ಏರಿದಾಗ ಗೋಡೆಗೆ ಬೀಸುವ ಗಾಳಿಯಿಂದ ಬುಡದಲ್ಲಿ ಉಂಟಾಗುವ ಬಾಗಿಸುವ ಬಲ, ಸ್ಥೂಲವಾಗಿ, ಒಂದೂವರೆ ಪಟ್ಟಾಗುತ್ತದೆ. ಕಂಬದ ಬುಡದ ಬೇಸ್ ಪ್ಲೇಟು ಮತ್ತು ಅದನ್ನು ತಳಪಾಯಕ್ಕೆ ಬಿಗಿಯುವ ಫೌಂಡೇಶನ್ ಬೋಲ್ಟು ಆ ಬಲವನ್ನು ತಾಳುತ್ತವೆಯೇ ಎಂದು ಯಾರೂ ಲೆಕ್ಕ ಹಾಕಿಲ್ಲವಾದರೆ, ಹಣದ ಮಾತಿಗಿಂತ ಮೊದಲು ಅದನ್ನು ಮಾಡಿಸಿರಿ.

ಪ್ರಶ್ನೆ: ವಿರಾಜಪೇಟೆಯಲ್ಲಿ ನನ್ನದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್. ಗ್ರಾಹಕರೊಬ್ಬರು ಬಾಯಿಮಾತಿನಲ್ಲಿ ಹೇಳಿ ಕಬ್ಬಿಣದ ಮೆಟ್ಟಿಲೊಂದನ್ನು ಹೆಚ್ಚುವರಿಯಾಗಿ ಮಾಡಿಸಿಕೊಂಡರು. ಬರಹದಲ್ಲಿ ಇಲ್ಲವೆಂದು ಈಗ ಹಣ ಕೊಡುತ್ತಿಲ್ಲ.

ಉತ್ತರ: ಬರಹವಿಲ್ಲವೆಂದ ಮಾತ್ರಕ್ಕೆ ಹಣ ಮುಳುಗುವುದಿಲ್ಲ. ಉಚಿತವೆಂಬ ಉದ್ದೇಶವಿಲ್ಲದೆ ಮಾಡಿದ ಕೆಲಸದ ಪ್ರಯೋಜನವನ್ನು ಪಡೆದವರು ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 70ನೆಯ ಕಲಂ ಹೇಳುತ್ತದೆ. ಆದರೆ ಹೆಚ್ಚುವರಿಗೆ ಲಿಖಿತ ಒಪ್ಪಿಗೆ ಕಡ್ಡಾಯವೆಂದು ಮೂಲ ಒಪ್ಪಂದದಲ್ಲಿಯೇ ಇದ್ದರೆ ನಿಮ್ಮ ದಾರಿ ಕಷ್ಟ. ವಾಟ್ಸ್ಆ್ಯಪ್ ಸಂದೇಶ, ಮೆಟ್ಟಿಲಿನ ಫೋಟೊ, ಸಾಮಗ್ರಿ ಕೊಂಡ ರಸೀದಿಗಳನ್ನು ಜೋಡಿಸಿ ಈಗಲೇ ಒಂದು ಬಿಲ್ಲನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿರಿ. ಹಣ ಕೊಡುವ ದಿನ ಗೊತ್ತುಪಡಿಸಿರದಿದ್ದರೆ ದಾವೆಗೆ ಇರುವ ಅವಧಿ, ಕೆಲಸ ಮುಗಿದಂದಿನಿಂದ ಮೂರು ವರ್ಷ.