ಡಾಕ್ಟ್ರೇ, ಬಿಪಿ ಶುಗರ್ ನಾರ್ಮಲ್ ಇದೆ, ದಪ್ಪ ಇದ್ದರೇನು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರಿನ ಹೆಸರು ಮಾತ್ರ ಬೇರೆ ಬೇರೆ. ಮಳೆಗಾಲ ಶುರುವಾದರೆ ಫ್ಲೂ ಜೊತೆಗೆ ಇದೂ ಬರುತ್ತದೆ. ಹೋದ ವರ್ಷ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಹಾಗಾಗಿ ಬಿಎಂಐ (ಎತ್ತರಕ್ಕೆ ತಕ್ಕಷ್ಟು ತೂಕ ಇದೆಯೇ ಅನ್ನುವ ಅಳತೆ) ಲೆಕ್ಕ ಹಾಕುವುದು ಹೇಗೆ, ವೈರಸ್ ಹರಡುವುದು ಹೇಗೆ ಅಂತೆಲ್ಲ ಮತ್ತೆ ಪಾಠ ಮಾಡುವುದಿಲ್ಲ. ಅದು ನಿಮ್ಮ ಫೋನಿನಲ್ಲೇ ಸಿಗುತ್ತದೆ. ಸಿಗದೇ ಇರುವುದನ್ನು ಹೇಳುತ್ತೇನೆ.

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎತ್ತರ 170 ಸೆಂ.ಮೀ., ತೂಕ 96 ಕೆಜಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲ ನಾರ್ಮಲ್. ಮೊನ್ನೆ ಫ್ಲೂ ಬಂದಾಗ ನಮ್ಮ ಡಾಕ್ಟರ್ ‘ನಿಮ್ಮ ತೂಕಕ್ಕೆ ಸ್ವಲ್ಪ ಹುಷಾರಾಗಿರಿ’ ಅಂತ ಹೆದರಿಸಿಬಿಟ್ಟರು. ದಪ್ಪ ಇರುವುದೂ ಒಂದು ಕಾಯಿಲೆಯೇ? ವೈರಸ್‌ಗೆ ನನ್ನ ತೂಕ ಹೇಗೆ ಗೊತ್ತಾಗುತ್ತದೆ?

ಉತ್ತರ: ವೈರಸ್‌ಗೆ ಗೊತ್ತಾಗಲ್ಲ ಸಾರ್, ನಿಮ್ಮ ಶ್ವಾಸಕೋಶಕ್ಕೆ ಗೊತ್ತಾಗುತ್ತದೆ. ನಿಮ್ಮ ಡಾಕ್ಟರ್ ಸರಿಯಾಗೇ ಹೇಳಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡಿ.

2009ಕ್ಕೆ ಮುಂಚೆ ಫ್ಲೂನಿಂದ ಯಾರಿಗೆ ಅಪಾಯ ಅಂತ ಕೇಳಿದ್ದರೆ ನಾವೂ ಗಿಣಿಪಾಠ ಒಪ್ಪಿಸುತ್ತಿದ್ದೆವು: ವಯಸ್ಸಾದವರು, ಬಸುರಿಯರು, ಆಸ್ತಮಾ, ಶುಗರ್, ಹಾರ್ಟ್ ತೊಂದರೆ ಇರುವವರು. ತೂಕದ ಮಾತೇ ಇರಲಿಲ್ಲ. ಆ ವರ್ಷ ಎಚ್1ಎನ್1 ಹಂದಿಜ್ವರ ಬಂತು. ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯ ಐಸಿಯುಗೆ ಶ್ವಾಸಕೋಶ ತೀರಾ ಹದಗೆಟ್ಟು ಬಂದಿದ್ದ 10 ಜನರ ವರದಿ ಜುಲೈನಲ್ಲಿ ಹೊರಬಿತ್ತು. ಹತ್ತರಲ್ಲಿ ಒಂಬತ್ತು ಜನ ಬೊಜ್ಜಿನವರು. ಏಳು ಜನರ ಬಿಎಂಐ 40 ಅಥವಾ ಅದಕ್ಕೂ ಮೇಲೆ. ಐದು ಜನರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೂವರು ಉಳಿಯಲಿಲ್ಲ. ಹತ್ತು ಜನರಿಂದ ಏನೂ ಸಾಬೀತಾಗಲ್ಲ, ಒಪ್ಪುತ್ತೇನೆ. ಆದರೆ ಆಮೇಲೆ ಬೇರೆ ಬೇರೆ ದೇಶಗಳಿಂದಲೂ ಅದೇ ಸುದ್ದಿ ಬಂತು. 2020ರಲ್ಲಿ ಕೋವಿಡ್ ಬಂದಾಗ ಇಂಗ್ಲೆಂಡಿನಲ್ಲಿ 1.7 ಕೋಟಿ ಜನರ ದಾಖಲೆ ಜಾಲಾಡಿದರು. ವಯಸ್ಸು, ಶುಗರ್, ಹಾರ್ಟ್ ಕಾಯಿಲೆ ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಬಿಎಂಐ 40 ದಾಟಿದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇತ್ತು. ಅಂದರೆ ‘ಶುಗರ್ ನಾರ್ಮಲ್’ ಅನ್ನುವ ಸಮಾಧಾನ ಪೂರ್ತಿ ಸಮಾಧಾನ ಅಲ್ಲ. ನಿಮ್ಮ ಬಿಎಂಐ 33. ಆ ಗುಂಪಿನಲ್ಲಿ ಹೆಚ್ಚಳ ಅಲ್ಪಸ್ವಲ್ಪ ಮಾತ್ರ. ಇದನ್ನು ಓದಿ ಕಾಲರ್ ಏರಿಸಬೇಡಿ. ಇಂಗ್ಲೆಂಡಿನವರ 33 ಬೇರೆ, ನಮ್ಮ 33 ಬೇರೆ. ಅದು ಮುಂದಿನ ಪ್ರಶ್ನೆಯಲ್ಲಿದೆ.

ಈಗ ಒಳಗೆ ಏನಾಗುತ್ತದೆ ನೋಡಿ. ಎದೆಗೂ ಹೊಟ್ಟೆಗೂ ನಡುವೆ ಮಾಂಸದ ಒಂದು ಪರದೆ ಇದೆ. ಶಾಲೆಯಲ್ಲಿ ‘ವಪೆ’ ಅಂತ ಓದಿರುತ್ತೀರಿ. ಉಸಿರು ಎಳೆದುಕೊಂಡಾಗ ಅದು ಕೆಳಗೆ ಇಳಿಯಬೇಕು. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ ಇಳಿಯಲು ಜಾಗ ಎಲ್ಲಿದೆ? ಉಸಿರು ಬಿಟ್ಟ ಮೇಲೂ ಎಲ್ಲರ ಶ್ವಾಸಕೋಶದಲ್ಲೂ ಒಂದಷ್ಟು ಗಾಳಿ ಉಳಿದಿರುತ್ತದೆ. ಅದೇ ನಮ್ಮ ಆಪದ್ಧನ. ಬಿಎಂಐ 20 ಇರುವವರಿಗೆ ಹೋಲಿಸಿದರೆ 30 ಇರುವವರಲ್ಲಿ ಈ ಉಳಿಕೆ ಸುಮಾರು ಮುಕ್ಕಾಲು ಭಾಗ ಮಾತ್ರ. ಆರೋಗ್ಯವಾಗಿದ್ದಾಗ ಇದು ಗೊತ್ತೇ ಆಗಲ್ಲ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ‘ವಯಸ್ಸಾಯ್ತು’ ಅಂದುಕೊಂಡು ಸುಮ್ಮನಾಗುತ್ತೀರಿ. ಫ್ಲೂ ನ್ಯುಮೋನಿಯಾಗೆ ತಿರುಗಿದ ದಿನ ಆ ಆಪದ್ಧನ ಬೇಕಾಗುತ್ತದೆ, ಆಗ ಅದು ಇರಲ್ಲ. ಅಂಗಾತ ಮಲಗಿದರೆ ಇನ್ನೂ ಕಷ್ಟ. ಹೊಟ್ಟೆಯ ಭಾರವೆಲ್ಲ ವಪೆಯನ್ನು ಮೇಲಕ್ಕೆ ದೂಡುತ್ತದೆ. ಶ್ವಾಸಕೋಶದ ತಳಭಾಗದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ.

ಇದನ್ನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಅಡಿಕೆ ವ್ಯಾಪಾರಿ ಬಂದಿದ್ದರು. ನಲವತ್ತು ದಾಟಿದ ವಯಸ್ಸು, ನೂರು ಕೆಜಿ ದಾಟಿದ ತೂಕ. ಜ್ವರದ ಆರನೇ ದಿನ. ನಡೆದುಕೊಂಡೇ ಬಂದರು, ಕೂತು ಫೋನಿನಲ್ಲಿ ಕ್ವಿಂಟಾಲ್ ರೇಟು ಮಾತಾಡುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಆಕ್ಸಿಜನ್ 93. ಇಸಿಜಿಗೆ ಅಂತ ಮಂಚದ ಮೇಲೆ ಅಂಗಾತ ಮಲಗಿಸಿದೆವು. ಸಿಸ್ಟರ್ ಎದೆಗೆ ಲೀಡ್ ಅಂಟಿಸಿ ಮುಗಿಸುವಷ್ಟರಲ್ಲಿ 89. ಆಮೇಲೆ 86. ‘ಫ್ಯಾನ್ ಸ್ವಲ್ಪ ಜೋರು ಮಾಡಿ ಸಿಸ್ಟರ್’ ಅಂದರು. ಫ್ಯಾನ್ ಐದರಲ್ಲೇ ಇತ್ತು. ಎಬ್ಬಿಸಿ ಕೂರಿಸಿದ ಮೇಲೆ ನಿಧಾನಕ್ಕೆ 92ಕ್ಕೆ ಹತ್ತಿತು. ಆಗ ಬಾಗಿಲ ಹತ್ತಿರ ನಿಂತಿದ್ದ ಅವರ ಹೆಂಡತಿ ಬಾಯಿಬಿಟ್ಟರು: ‘ಮೂರು ರಾತ್ರಿಯಿಂದ ಹಾಲ್‌ನಲ್ಲಿ ಕುರ್ಚಿ ಮೇಲೇ ನಿದ್ದೆ ಮಾಡ್ತಿದಾರೆ ಮೇಡಂ. ಕೇಳಿದ್ರೆ ಟಿವಿ ನೋಡ್ತಾ ಹಾಗೇ ನಿದ್ದೆ ಹತ್ತಿತು ಅಂತಾರೆ.’

ಟಿವಿಯೂ ಇಲ್ಲ, ಮಣ್ಣೂ ಇಲ್ಲ. ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಮೈ ತಾನೇ ಉಪಾಯ ಹುಡುಕಿಕೊಂಡಿತ್ತು. ಅವರ ಬಿಪಿ ಶುಗರ್ ಕೂಡ ನಾರ್ಮಲ್ಲೇ ಇತ್ತು, ನಿಮ್ಮ ಹಾಗೆ. ವೆಂಟಿಲೇಟರ್ ಬೇಕಾಗಲಿಲ್ಲ, ಆದರೆ ಒಂದೊಂದು ದಿನವೂ ‘ಇವತ್ತು ಹಾಕಬೇಕಾಗುತ್ತದೇನೋ’ ಅಂತಲೇ ರೌಂಡ್ಸ್ ಶುರು ಮಾಡುತ್ತಿದ್ದೆವು. ಬೋರಲು ಮಲಗಿಸಿದರೆ ಆಕ್ಸಿಜನ್ ಏರುತ್ತದೆ ಅಂತ ಗೊತ್ತಿತ್ತು. ಹೊಟ್ಟೆ ಒತ್ತದ ಹಾಗೆ ಎದೆಗೊಂದು, ಸೊಂಟಕ್ಕೊಂದು ದಿಂಬು ಕೊಟ್ಟು ತಿರುಗಿಸಲು ಐದು ಜನ ಬೇಕಾದರು.

ಜಾಗದ ಸಮಸ್ಯೆ ಒಂದೇ ಅಲ್ಲ. ಕೊಬ್ಬು ಅಂದರೆ ಗೋಣಿಚೀಲದಲ್ಲಿ ಕಟ್ಟಿಟ್ಟ ಮಾಲು ಅಂತ ಜನ ತಿಳಿದಿದ್ದಾರೆ. ಅದು ಹಗಲೂ ರಾತ್ರಿ ಕೆಲಸ ಮಾಡುವ ಅಂಗ. ಹೊಟ್ಟೆಯೊಳಗಿನ ಕೊಬ್ಬಿನಿಂದ ಉರಿಯೂತ ಹುಟ್ಟಿಸುವ ರಾಸಾಯನಿಕಗಳು ಸಣ್ಣಗೆ ಒಸರುತ್ತಲೇ ಇರುತ್ತವೆ, ಬೂದಿ ಮುಚ್ಚಿದ ಕೆಂಡದ ಹಾಗೆ. ವೈರಸ್ ಬಂದ ಮೊದಲ ದಿನಗಳಲ್ಲಿ ಅದನ್ನು ತಡೆಯಬೇಕಾದ ಇಂಟರ್‌ಫೆರಾನ್ ಮಂದವಾಗಿ ಏಳುತ್ತದೆ. ಆಮೇಲೆ ಉರಿಯೂತ ಮಾತ್ರ ಅಳತೆ ಮೀರಿ ಏಳುತ್ತದೆ. ಬೇಕಾದಾಗ ಬರಲಿಲ್ಲ, ಬೇಡವಾದಾಗ ಊರೆಲ್ಲ ಸೇರಿತು ಅನ್ನುವ ಹಾಗೆ. ಮೇಲೆ ರಕ್ತ ಹೆಪ್ಪುಗಟ್ಟುವ ಸ್ವಭಾವವೂ ಜಾಸ್ತಿ.

ಹಾಗಾದರೆ ನೀವೇನು ಮಾಡಬೇಕು? ಜ್ವರ ಬಂದ ವಾರ ತೂಕ ಇಳಿಸಲು ಆಗಲ್ಲ, ಆ ಯೋಚನೆ ಬಿಡಿ. ಬೇಗ ಬನ್ನಿ, ಅಷ್ಟೇ. ಫ್ಲೂ ಅಂತ ಅನುಮಾನ ಬಂದರೆ ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ತಡವಾದರೂ ಕೊಡುತ್ತೇವೆ, ಆದರೆ ಅದೇ ಫಲ ಸಿಗುತ್ತದೆ ಅಂತ ಹೇಳಲಾರೆ. ನಾಲ್ಕನೇ ದಿನದಿಂದ ಎಂಟರವರೆಗೆ ಕಣ್ಣಿಡಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಇದ್ದರೆ, ಅಥವಾ ಮನೆಯೊಳಗೆ ಆರು ನಿಮಿಷ ನಡೆದಾಗ 3ಕ್ಕಿಂತ ಜಾಸ್ತಿ ಇಳಿದರೆ ಆಸ್ಪತ್ರೆ. ತಲೆ ಎತ್ತರಿಸಿ ಅಥವಾ ಮಗ್ಗುಲಾಗಿ ಮಲಗಿ. ದಿನವಿಡೀ ಬಿದ್ದುಕೊಂಡಿರಬೇಡಿ, ಆಗಾಗ ಎದ್ದು ಕೂತು, ನಾಲ್ಕು ಹೆಜ್ಜೆ ಓಡಾಡಿ. ಗೊರಕೆ ಹೊಡೆಯುವವರು ನಿದ್ದೆ ಬರಿಸುವ ಕೆಮ್ಮಿನ ಸಿರಪ್ ಕುಡಿಯಲೇಬೇಡಿ. ‘ಚೆನ್ನಾಗಿ ನಿದ್ದೆ ಬರ್ಲಿ’ ಅಂತ ಒಂದು ಪೆಗ್ ಹಾಕುವವರಿಗೂ ಅದೇ ಮಾತು.

ಇನ್ನು ಡೆಕ್ಸಾ ಅನ್ನುವ ಸ್ಟೆರಾಯ್ಡ್ ಇಂಜೆಕ್ಷನ್. ಮೊದಲ ದಿನವೇ ಒಂದು ಸೂಜಿ, ಒಂದು ಬಾಟ್ಲಿ ಗ್ಲುಕೋಸ್, ‘ನಾಳೆ ಡ್ಯೂಟಿಗೆ ಹೋಗಬಹುದು’ ಅನ್ನುವವರು ಎಲ್ಲಾ ಊರಿನಲ್ಲೂ ಇದ್ದಾರೆ. ಜ್ವರ ಇಳಿಯುತ್ತದೆ, ಜನ ಕೈಮುಗಿಯುತ್ತಾರೆ. ಕೋವಿಡ್‌ನಲ್ಲಿ ಸ್ಟೆರಾಯ್ಡ್ ಜೀವ ಉಳಿಸಿದ್ದು ಆಕ್ಸಿಜನ್ ಬೇಕಾದವರಲ್ಲಿ ಮಾತ್ರ. ಆಕ್ಸಿಜನ್ ಬೇಡದವರಿಗೆ ಕೊಟ್ಟು ಏನೂ ಲಾಭವಾಗಲಿಲ್ಲ. ಬೊಜ್ಜಿನವರಲ್ಲಿ ಬಚ್ಚಿಟ್ಟುಕೊಂಡಿದ್ದ ಶುಗರ್ ಆ ಒಂದು ಸೂಜಿಗೆ ಮುನ್ನೂರಕ್ಕೆ ಹಾರುವುದನ್ನು ನಾನು ಎಣಿಕೆ ಮೀರಿ ನೋಡಿದ್ದೇನೆ. ಮೊದಲ ದಿನವೇ ಸೂಜಿ ಚುಚ್ಚುವ ಇಂಥವರನ್ನು ಡಾಕ್ಟರ್ ಅಂತ ಕರೆಯುವುದನ್ನು ಮೊದಲು ಬಿಡಿ.

ಪ್ರಶ್ನೆ: ನಾನು ತೆಳ್ಳಗೇ ಇದ್ದೇನೆ. 64 ಕೆಜಿ. ಹೊಟ್ಟೆ ಮಾತ್ರ ಸ್ವಲ್ಪ ಮುಂದಿದೆ. ಇದೆಲ್ಲ ನನಗೆ ಸಂಬಂಧ ಇಲ್ಲ ಅಲ್ವಾ?

ಉತ್ತರ: ಇದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳು ತಮ್ಮದೇ ಫೋಟೊ ಹಾಕಿಸಿಕೊಂಡರು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ಗೆ ಶೇ 21.2! ನಮ್ಮ ಮೈಯ ಗುಟ್ಟು ಆ ಒಂದು ಚಿತ್ರದಲ್ಲಿದೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಶೇ 30ರಷ್ಟು ಹೆಂಗಸರು, ಹೆಚ್ಚುಕಡಿಮೆ ಅಷ್ಟೇ ಗಂಡಸರು ಈ 25ರ ಗೆರೆ ದಾಟಿದ್ದರು. ಟೇಪ್ ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ‘ಹದಿನೈದು ವರ್ಷದಿಂದ ಪ್ಯಾಂಟಿನ ಸೈಜ್ ಬದಲಾಗಿಲ್ಲ’ ಅಂತ ಬರೆಯಬೇಡಿ. ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದಿದೆ, ಅಷ್ಟೇ.

ಪ್ರಶ್ನೆ: ನನ್ನದು ಕೊಬ್ಬಲ್ಲ, ಮೂಳೆಯೇ ದಪ್ಪ. ಆದರೂ ಅಪಾಯವೇ?

ಉತ್ತರ: ಮೂಳೆ ಹೊಟ್ಟೆಯ ಮುಂದೆ ಬೆಳೆಯಲ್ಲ.

ಪ್ರಶ್ನೆ: ದಪ್ಪ ಇರುವವರಿಗೆ ಫ್ಲೂ ಲಸಿಕೆ ಕೆಲಸ ಮಾಡಲ್ಲ ಅಂತ ಓದಿದೆ. ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ: ಅರ್ಧ ಓದಿದ್ದೀರಿ. ಲಸಿಕೆ ಪಡೆದ ಬೊಜ್ಜಿನವರಿಗೆ, ಲಸಿಕೆ ಪಡೆದ ಸಾಮಾನ್ಯ ತೂಕದವರಿಗಿಂತ ಸುಮಾರು ಎರಡು ಪಟ್ಟು ಫ್ಲೂ ಅಥವಾ ಫ್ಲೂ ತರಹದ ಕಾಯಿಲೆ ಬಂತು ಅಂತ ಅಮೆರಿಕದ ಒಂದು ಅಧ್ಯಯನ 2017ರಲ್ಲಿ ಹೇಳಿತು. ಆದರೆ ಹೋಲಿಸಿದ್ದು ಲಸಿಕೆ ಪಡೆದವರನ್ನು ಲಸಿಕೆ ಪಡೆದವರ ಜೊತೆಗೇ. ನೀವು ಕೇಳಬೇಕಾದ್ದು ‘ಹಾಕಿಸಿಕೊಳ್ಳದೇ ಇದ್ದರೆ ನನ್ನ ಗತಿ ಏನು’ ಅಂತ. ಛತ್ರಿ ಸಣ್ಣದಾಯಿತು ಅಂತ ಮಳೆಯಲ್ಲಿ ಬಿಸಾಡುತ್ತೀರಾ? ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ ಹಾಕಿಸಿಕೊಳ್ಳಿ. ತೋಳು ದಪ್ಪ ಇದ್ದರೆ ಉದ್ದ ಸೂಜಿ ಬಳಸಲು ಹೇಳಿ. ಮದ್ದು ಮಾಂಸಕ್ಕೆ ಹೋಗಬೇಕು, ಕೊಬ್ಬಿಗಲ್ಲ.

ಪ್ರಶ್ನೆ: ಐಸಿಯುನಲ್ಲಿ ದಪ್ಪ ಇರುವವರೇ ಜಾಸ್ತಿ ಬದುಕುತ್ತಾರೆ ಅಂತ ನನ್ನ ಮಗ ಇಂಟರ್ನೆಟ್ಟಿನಲ್ಲಿ ತೋರಿಸಿದ.

ಉತ್ತರ: ಕೆಲವು ಅಧ್ಯಯನಗಳಲ್ಲಿ ಹಾಗೆ ಕಂಡಿದೆ, ನಿಜ. ಯಾಕೆ ಅಂತ ನಮ್ಮಲ್ಲೇ ಜಗಳ ಇದೆ. ಆದರೆ ಅದು ಐಸಿಯು ಸೇರಿದ ಮೇಲಿನ ಲೆಕ್ಕ. ಸೇರುವವರಲ್ಲಿ ಯಾರು ಜಾಸ್ತಿ ಅಂತ ಮಗನನ್ನು ಕೇಳಿ.

ಪ್ರಶ್ನೆ: ಜ್ವರದಲ್ಲಿ ಹೇಗೂ ಊಟ ಸೇರಲ್ಲ. ಉಪವಾಸ ಮಾಡಿದರೆ ತೂಕವೂ ಇಳಿದಂತಾಗುತ್ತದೆ ಅಲ್ವಾ?

ಉತ್ತರ: ಇಳಿಯುವುದರಲ್ಲಿ ಮಾಂಸಖಂಡವೂ ಸೇರಿರುತ್ತದೆ, ಉಸಿರಾಡಿಸುವ ಮಾಂಸಖಂಡವೂ ಸೇರಿ. ಗಂಜಿ, ಬೇಳೆ ಕಟ್ಟು, ಮೊಟ್ಟೆ, ಮಜ್ಜಿಗೆ, ಏನು ಸೇರುತ್ತದೋ ತಿನ್ನಿ.

ಪ್ರಶ್ನೆ: ಬೊಜ್ಜು ಕರಗಿಸುವ ಪುಡಿ, ಓಂಕಾಳು–ಕರ್ಪೂರದ ಗಂಟು, ಮೂಗಿಗೆ ನಿಂಬೆರಸ, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ನಿಂಬೆಹಣ್ಣು, ಚಿತ್ರಾನ್ನಕ್ಕೆ.

ಪ್ರಶ್ನೆ: ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್ ಜಿಮ್ ಟ್ರೇನರ್ ಕೊಡಿಸುತ್ತೇನೆ ಅಂತಾರೆ.

ಉತ್ತರ: ಇಂಜೆಕ್ಷನ್ ಕೆಲಸ ಮಾಡುತ್ತದೆ. ಟ್ರೇನರ್ ಬೇಡ.

ಪ್ರಶ್ನೆ: ಮೇಡಂ, ನಾನು 108 ಕೆಜಿ. ಕಿವಿ ನೋವು ಅಂತ ಹೋದರೂ ‘ಮೊದಲು ತೂಕ ಇಳಿಸಿ’ ಅನ್ನುತ್ತಾರೆ. ಎಲ್ಲರೆದುರು ತೂಕದ ಮಿಷನ್ ಮೇಲೆ ನಿಲ್ಲಿಸುತ್ತಾರೆ. ಅದಕ್ಕೇ ಜ್ವರ, ಕೆಮ್ಮು ಬಂದರೂ ಮನೆಯಲ್ಲೇ ಇದ್ದುಬಿಡುತ್ತೇನೆ.

ಉತ್ತರ: ನಿಮ್ಮ ಪತ್ರಕ್ಕೆ ನನ್ನ ಹತ್ತಿರ ಜೋರು ಮಾತಿಲ್ಲ ತಾಯಿ. ಹೀಗೆ ಮಾತಾಡುವವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. ಬೈದರೆ ತೂಕ ಇಳಿಯುತ್ತದೆ ಅಂತ ನಂಬಿದ್ದೆ. ಇಳಿದದ್ದು ತೂಕ ಅಲ್ಲ, ಬೈಸಿಕೊಂಡವರು ಮತ್ತೆ ಬರುವುದು ನಿಂತಿತು. ಕೊನೆಗೆ ಬಂದಾಗ ತುಟಿ ನೀಲಿಯಾಗಿರುತ್ತಿತ್ತು.

ಮನೆಯಲ್ಲಿ ಕೂರಬೇಡಿ. ಜ್ವರದ ಜೊತೆ ಉಸಿರು ಸಾಲದೆ ಇದ್ದರೆ, ಮಲಗಲು ಆಗದೆ ಕೂತೇ ರಾತ್ರಿ ಕಳೆದರೆ, ಬೆಳಗಾಗುವುದನ್ನು ಕಾಯದೆ ಹೊರಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಬಾಯಿ ಜೋರಿರುವವರಾದರೆ ಇನ್ನೂ ಒಳ್ಳೆಯದು. ಬಿಪಿ ನೋಡುವಾಗ ದೊಡ್ಡ ಪಟ್ಟಿ ಕೇಳಿ, ಸಣ್ಣದನ್ನು ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ. ಕೂತ ಕೂಡಲೇ ಹೇಳಿ: ‘ತೂಕದ ವಿಷಯ ಆಮೇಲೆ. ಐದು ದಿನದಿಂದ ಜ್ವರ, ಮಲಗಿದರೆ ಉಸಿರು ಸಾಲುತ್ತಿಲ್ಲ. ಆಕ್ಸಿಜನ್ ನೋಡಿ.’ ಇಷ್ಟು ಕೇಳಿದ ಮೇಲೂ ತೂಕದ ಮಿಷನ್ ಕಡೆಗೇ ಕೈ ತೋರಿಸಿದರೆ, ಎದ್ದು ಪಕ್ಕದ ಆಸ್ಪತ್ರೆಗೆ ನಡೆಯಿರಿ.