ಮುಗ್ಗಲು ಹಿಡಿದ ಡಾಗ್ ಫುಡ್ ಒಣಗಿಸಿ ಹಾಕಬಹುದೇ?

ಮಳೆಗಾಲದಲ್ಲಿ 10 ಕೆಜಿ ಚೀಲದ ಡ್ರೈ ಫುಡ್ ಮುಗ್ಗಲು ವಾಸನೆ ಬರುತ್ತಿದೆ, ಬಿಸಿಲಲ್ಲಿ ಒಣಗಿಸಿ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಬೂಸ್ಟು ಒಣಗಬಹುದು, ಆದರೆ ಅದು ಬಿಟ್ಟಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ಬೂಸ್ಟು ಕಾಣದ ಕಾಳಿನಲ್ಲೂ ಈ ವಿಷ ಇರಬಹುದು, ಹಾಗಾಗಿ ಆರಿಸಿ ಹಾಕುವುದೂ ಬೇಡ. ಡಾಗ್ ಫುಡ್‌ಗೆ ಇದು ಹೆಚ್ಚಾಗಿ ಅದರಲ್ಲಿರುವ ಮೆಕ್ಕೆಜೋಳದಿಂದ ಬರುತ್ತದೆ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಸ್ಪೋರ್ಟ್‌ಮಿಕ್ಸ್ ಎಂಬ ನಾಯಿ ಆಹಾರವನ್ನು ಇದೇ ಕಾರಣಕ್ಕೆ ವಾಪಸ್ ಪಡೆದರು. 110ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಾಗಿತ್ತು. ಅಲ್ಲಿ ಈ ವಿಷಕ್ಕಿರುವ ಮಿತಿ ಕೆಜಿ ಆಹಾರಕ್ಕೆ ಬರೀ 20 ಮೈಕ್ರೋಗ್ರಾಂ.

ಈಗಾಗಲೇ ತಿಂದಿದ್ದರೆ ಮಂಕು, ಊಟ ಬಿಡುವುದು, ವಾಂತಿ, ಕಣ್ಣು ಅಥವಾ ಒಸಡು ಹಳದಿಯಾಗುವುದನ್ನು ಗಮನಿಸಿ. ಒಂದು ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಿ, ಲಿವರ್ ರಕ್ತಪರೀಕ್ಷೆ ಕೇಳಿ. ಕೆಲವು ನಾಯಿಗಳಲ್ಲಿ ಲಕ್ಷಣ ಕಾಣುವ ಮೊದಲೇ ಲಿವರ್ ಹಾಳಾಗಿರುತ್ತದೆ. ಒಂದು ಹಿಡಿ ಕಾಳು, ಬ್ಯಾಚ್ ನಂಬರ್ ಇರುವ ಚೀಲ ಎಸೆಯಬೇಡಿ. ಪರೀಕ್ಷೆಗೂ ದೂರಿಗೂ ಅದೇ ಆಧಾರ.

ಮುಂದೆ 3 ಕೆಜಿ ಚೀಲವನ್ನೇ ಕೊಳ್ಳಿ. ಆಹಾರವನ್ನು ಡಬ್ಬಕ್ಕೆ ಸುರಿಯದೆ, ಬಾಯಿ ಮಡಚಿದ ಚೀಲವನ್ನೇ ಬಿಗಿ ಮುಚ್ಚಳದ ಡಬ್ಬದೊಳಗಿಡಿ. ಸುರಿದರೆ ಡಬ್ಬದ ಗೋಡೆಗೆ ಅಂಟಿದ ಹಳೇ ಎಣ್ಣೆ ಕಮಟಾಗಿ ಹೊಸ ಆಹಾರವನ್ನೂ ಕೆಡಿಸುತ್ತದೆ.