ಬಾಗಿಲು ತೆಗೆದವರು ಒಳ್ಳೆಯವರೇ ಇರಬಹುದು

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇದು. ಟೈಲ್ಸ್ ಕೆಲಸ ಮುಗಿಸಿ ಅವರ ತಮ್ಮ ಇಬ್ಬರು ಗೆಳೆಯರ ಜೊತೆ ಒಂದೇ ಬೈಕಿನಲ್ಲಿ ಬರುತ್ತಿದ್ದ. ಪಿ.ಬಿ. ರಸ್ತೆಯಲ್ಲಿ ನಿಂತಿದ್ದ ಕಾರಿನ ಬಾಗಿಲು ದಿಢೀರ್ ಅಂತ ತೆರೆಯಿತು. ಮೊಣಕಾಲ ಕೆಳಗೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಕಾರಿನವರು ‘ಪೊಲೀಸು ಗಿಲೀಸು ಬೇಡ, ನಾನೇ ನೋಡ್ಕೋತೀನಿ’ ಅಂದರು. ಆಸ್ಪತ್ರೆಯಲ್ಲಿ ‘ಸ್ಕಿಡ್ ಆಗಿ ಬಿದ್ದದ್ದು’ ಎಂದು ಬರೆಸಿದರು. ಫೋನ್‌ಪೇನಲ್ಲಿ 8,000 ರೂಪಾಯಿ ಹಾಕಿದರು. ಈಗ ಫೋನ್ ಎತ್ತುತ್ತಿಲ್ಲ. ಮೂವರು ಕೂತಿದ್ದು ತಪ್ಪಲ್ವಾ, ಎರಡು ತಿಂಗಳ ಮೇಲೆ ದೂರು ಕೊಟ್ಟರೆ ಏನು ಪ್ರಯೋಜನ, ಪಾಪ ಅವರಿಗೂ ಸಂಸಾರ ಇದೆ ಎಂದು ಕೇಳಿದ್ದೀರಿ.

ಪಾಪ ಅನ್ನುವುದರಿಂದಲೇ ಶುರು ಮಾಡೋಣ. ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರ ಕಾರಿನವರ ಜೇಬಿನಿಂದ ಬರುವುದಿಲ್ಲ. ಇಂಥ ದಿನಕ್ಕೆಂದೇ ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದು. ಆ ದುಡ್ಡು ಕೊಡಬೇಕಾದದ್ದು ವಿಮಾ ಕಂಪನಿ. ‘ಇಲ್ಲೇ ಸೆಟ್ಲ್ ಮಾಡ್ಕೊಳ್ಳೋಣ’ ಅನ್ನುವ ಮಾತು ಗಾಯಾಳುವನ್ನು ಆ ವಿಮೆಯಿಂದ ದೂರ ಇಡುತ್ತದೆ, ಅಷ್ಟೇ. ಅವರ ಮೇಲೆ ಕೇಸ್ ಆಗುತ್ತದೆ, ನಿಜ. ಗಂಭೀರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125(ಬಿ) ಇದೆ. ಕನ್ನಡಿ ನೋಡದೆ ಬಾಗಿಲು ತೆಗೆದವರು ಅಷ್ಟನ್ನು ಎದುರಿಸಲೇಬೇಕು. ಬಲಗಡೆಯ ಬಾಗಿಲನ್ನು ಎಡಗೈಯಲ್ಲಿ ತೆಗೆದಿದ್ದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು, ಬೈಕೂ ಕಾಣುತ್ತಿತ್ತು. ಬ್ರಿಟನ್ನಿನ ಹೈವೇ ಕೋಡ್‌ನಲ್ಲಿ 2022ರಿಂದ ಈ ಸಲಹೆಯೂ ಸೇರಿದೆ. ನಮ್ಮ ಡ್ರೈವಿಂಗ್ ಸ್ಕೂಲುಗಳು ಇದನ್ನೂ ಒಂದು ಪಾಠ ಮಾಡಿಕೊಳ್ಳಬಾರದೇ?

ಮೂವರು ಕೂತದ್ದು ತಪ್ಪೇ. ಅದಕ್ಕೆ ದಂಡ ಬೇರೆ. ಆದರೆ ಅಷ್ಟಕ್ಕೇ ಪರಿಹಾರ ಕಡಿಮೆಯಾಗುವುದಿಲ್ಲ. ಮೂವರಿದ್ದದ್ದರಿಂದಲೇ ಅಪಘಾತ ಆಯಿತು ಅಥವಾ ಪೆಟ್ಟು ಜಾಸ್ತಿ ಆಯಿತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದೂರು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು 2011ರಲ್ಲೇ ಹೇಳಿತ್ತು. ಯಾಕೆ ತಡ ಆಯಿತು ಎಂದು ದೂರಿನಲ್ಲೇ ಇದ್ದದ್ದು ಇದ್ದ ಹಾಗೆ ಬರೆಯಿರಿ.

ನನಗೆ ಚಿಂತೆ ಇರುವುದು ‘ಸ್ಕಿಡ್’ ಅನ್ನುವ ಆ ಒಂದು ಸಾಲಿನ ಬಗ್ಗೆ. ವಿಮಾ ಕಂಪನಿಯ ವಕೀಲರು ಮೊದಲು ತರಿಸಿ ಓದುವುದೇ ಆಸ್ಪತ್ರೆಯ ದಾಖಲೆಯನ್ನು. ‘ತಾನೇ ಬಿದ್ದದ್ದು’ ಎಂದು ಅಲ್ಲಿದ್ದರೆ ಕಾರೇ ಇರಲಿಲ್ಲ ಎಂದು ವಾದ ಶುರು. ಅದನ್ನು ಈಗ ಅಳಿಸಲಾಗದು, ಅಳಿಸಲು ಹೋಗಲೂ ಬೇಡಿ. ಬೇರೆ ಸಾಕ್ಷಿ ಜೋಡಿಸಿ. ಹಿಂದೆ ಕೂತಿದ್ದ ಇಬ್ಬರು ಕಣ್ಣಾರೆ ಕಂಡವರು. ಆ 8,000 ರೂಪಾಯಿ ಇನ್ನೂ ದೊಡ್ಡ ಸಾಕ್ಷಿ: ಸಂಬಂಧವೇ ಇಲ್ಲದವರು ಸುಮ್ನೆ ಯಾಕೆ ದುಡ್ಡು ಹಾಕುತ್ತಾರೆ? ಫೋನ್‌ಪೇ ವಿವರ, ವಾಟ್ಸ್ಆ್ಯಪ್ ಮಾತು ಎಲ್ಲ ತೆಗೆದಿಡಿ. ಎದುರಿನ ಅಂಗಡಿಯ ಸಿಸಿಟಿವಿ ಇಷ್ಟರಲ್ಲಿ ಅಳಿಸಿರಬಹುದು, ಆದರೂ ಕೇಳಿ.

ತಮ್ಮನ ಕೆಲಸದ ವಿಷಯ ವಕೀಲರಿಗೆ ಬಿಡಿಸಿ ಹೇಳಿ. ಡಾಕ್ಟರು ಕಾಲಿಗೆ ಇಷ್ಟು ಶೇಕಡಾ ಊನ ಎಂದು ಬರೆದುಕೊಡುತ್ತಾರೆ. ದುಡಿಮೆ ಕಡಿಮೆಯಾದದ್ದು ಅಷ್ಟೇ ಆಗಿರಬೇಕಿಲ್ಲ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು, ಸರ್ಕಾರಿ ಗುಮಾಸ್ತನದ್ದು ಹೋಗದಿರಬಹುದು ಎಂದು ಸುಪ್ರೀಂ ಕೋರ್ಟೇ 2010ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಕುಕ್ಕರುಗಾಲಲ್ಲಿ ಕೂರಲಾಗದ ಟೈಲ್ಸ್ ಕೆಲಸಗಾರನಿಗೆ ಉಳಿಯುವುದೇನು ಎಂಬುದನ್ನು ಕೋರ್ಟಿಗೆ ತೋರಿಸಬೇಕು. ಮೇಸ್ತ್ರಿಯ ಕೂಲಿ ಲೆಕ್ಕದ ಪುಸ್ತಕ ಇದ್ದರೆ ಅದೂ ಬೇಕು.

ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ನಿಮ್ಮೂರಿನಲ್ಲೇ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕೆಂಬ ಗಡುವು 2022ರ ಏಪ್ರಿಲ್‌ನಿಂದ ಬಂದಿದೆ, ನಿಮ್ಮದು ಎರಡು ಆಗಲೇ ಕಳೆದಿದೆ. ಕಾರಿನ ನಂಬರ್ ಇದೆಯಲ್ಲ, ಆ ದಿನ ವಿಮೆ ಚಾಲ್ತಿಯಲ್ಲಿತ್ತೇ ಎಂದು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿಕೊಂಡು ಈ ವಾರವೇ ಠಾಣೆಗೆ ಹೋಗಿ. ಗೆಳೆಯರಿಬ್ಬರೂ ಜೊತೆಗಿರಲಿ.